ಚಿಕ್ಕಬೆಟ್ಟವನ್ನು ಮೊದಲು ಹತ್ತೋಣ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಶ್ರವಣಬೆಳಗೊಳದ ಕಲ್ಯಾಣಿಯ ಬಳಿ ಕುಳಿತಿದ್ದೆ. ನಡುವಯಸ್ಸಿನವರೊಬ್ಬರು ಹತ್ತಿರ ಬಂದು ಕೈಮುಗಿದು, "ಮೇಷ್ಟ್ರೇ, ಗುರುತು ಸಿಕ್ಕಿತೇ? ನಾನು ನಿಮ್ಮ ವಿದ್ಯಾರ್ಥಿ" ಎಂದರು. ಜೊತೆಯಲ್ಲಿ ಹತ್ತು ಹನ್ನೆರಡು ವರ್ಷದ ಮಗನಿದ್ದ. ಇಬ್ಬರೂ ದೊಡ್ಡಬೆಟ್ಟವನ್ನು ಹತ್ತಿ ಇಳಿದು ಬಂದಿದ್ದರು. ಹುಡುಗ ಎದುರಿನ ಚಿಕ್ಕಬೆಟ್ಟವನ್ನು ತೋರಿಸಿ, "ಅಪ್ಪಾ, ಅದನ್ನೂ ಹತ್ತೋಣವಾ?" ಎಂದು ಕೇಳಿದ. ತಂದೆ ಕೈಗಡಿಯಾರ ನೋಡಿಕೊಂಡು, "ಅಲ್ಲಿ ನೋಡುವಂಥದ್ದೇನೂ ಇಲ್ಲ ಮಗಾ, ಹಳೆಯ ಬಸದಿಗಳು ಅಷ್ಟೇ. ನಮಗೆ ಹಳೇಬೀಡು, ಬೇಲೂರು ಇನ್ನೂ ಬಾಕಿ ಇದೆ" ಎಂದರು.

ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಏಕೆಂದರೆ ಅದು ನನ್ನದೇ ಮಾತು. ಅಧ್ಯಾಪಕನಾಗಿದ್ದಾಗ ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆತರುತ್ತಿದ್ದೆ. ಒಂದೇ ದಿನದಲ್ಲಿ ಮೂರು ಊರು. ಬೆಳಗೊಳಕ್ಕೆ ದೊರೆಯುತ್ತಿದ್ದುದು ಎರಡು ಗಂಟೆ. ಚಿಕ್ಕಬೆಟ್ಟದ ಕಡೆ ಯಾರಾದರೂ ಬೆರಳು ತೋರಿದರೆ ಇದೇ ಉತ್ತರ ಕೊಟ್ಟು ಬಸ್ಸು ಹತ್ತಿಸುತ್ತಿದ್ದೆ. ನಾನು ಜೈನ ಶ್ರಾವಕ, ಬಿ.ಇಡಿ. ಓದಿದವನು, ಪಾಠ ಹೇಳುವವನು. ಇಷ್ಟೆಲ್ಲ ಇದ್ದೂ ನಾನು ಕಲಿಸಿದ ಈ ಒಂದು ತಪ್ಪುಪಾಠ ತಂದೆಯಿಂದ ಮಗನಿಗೆ ಸಾಗುತ್ತಿರುವುದನ್ನು ಕಣ್ಣಾರೆ ಕಂಡೆ. ಆ ಪಾಠವನ್ನು ತಿದ್ದುವ ಪ್ರಯತ್ನವೇ ಈ ಬರಹ.

ಜೈನಧರ್ಮವು ತಿರುಗಾಟವನ್ನು ಸುಮ್ಮನೆ ಒಪ್ಪುವ ಧರ್ಮವಲ್ಲ. ಗೃಹಸ್ಥನಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರದಾಚೆಗೆ ಹೋಗುವುದಿಲ್ಲವೆಂದು ಜೀವನಪರ್ಯಂತ ಗಡಿ ಹಾಕಿಕೊಳ್ಳುವುದು ದಿಗ್ವ್ರತ. ಆ ಗಡಿಯನ್ನು ಒಂದು ದಿನಕ್ಕೋ ಒಂದು ತಿಂಗಳಿಗೋ ಇನ್ನಷ್ಟು ಕಿರಿದಾಗಿಸಿಕೊಳ್ಳುವುದು ದೇಶವ್ರತ. ನಾವು ಕಾಲಿಡದ ಭೂಮಿಯಲ್ಲಿ ನಮ್ಮಿಂದ ಸೂಕ್ಷ್ಮಹಿಂಸೆಯೂ ಆಗುವುದಿಲ್ಲ. ಅಷ್ಟು ಮಟ್ಟಿಗೆ ಗೃಹಸ್ಥನೂ ಮುನಿಗಳ ಮಹಾವ್ರತದ ಸಮೀಪಕ್ಕೆ ಬರುತ್ತಾನೆ ಎಂಬುದು ಇದರ ಹಿಂದಿನ ತತ್ತ್ವ. ಅನರ್ಥದಂಡ ವಿರತಿಯನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ, ಪ್ರಯೋಜನವಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಪ್ರಮಾದಚರ್ಯೆಯ ಸಾಲಿಗೆ ಸೇರಿಸಿದ್ದಾರೆ. ಬರಿಗಾಲಲ್ಲಿ ವಿಹರಿಸುವ ಮುನಿಗಳು ಸಹ ಈರ್ಯಾಸಮಿತಿಯಿಂದ ನೆಲ ನೋಡಿ ಹೆಜ್ಜೆಯಿಡುತ್ತಾರೆ. ಮಳೆಗಾಲದ ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ.

ಹಾಗಿದ್ದರೆ ತೀರ್ಥಯಾತ್ರೆಗೆ ಅವಕಾಶವೆಲ್ಲಿ? ಉತ್ತರ ತೀರ್ಥವೆಂಬ ಪದದಲ್ಲಿಯೇ ಇದೆ. ತೀರ್ಥವೆಂದರೆ ದಾಟಲು ನೆರವಾಗುವ ಎಡೆ. ಹೊಳೆಯನ್ನು ದಾಟುವವನು ಕಡವಿನಲ್ಲಿ ಇಳಿಯುವಂತೆ, ಸಂಸಾರವನ್ನು ದಾಟಬಯಸುವವನು ತೀರ್ಥಕ್ಷೇತ್ರಕ್ಕೆ ಹೋಗುತ್ತಾನೆ. ಹೋಗಿಬಂದ ಮೇಲೆ ನಮ್ಮೊಳಗಿನ ಕಷಾಯಗಳಲ್ಲಿ ಒಂದಾದರೂ ತುಸು ತೆಳುವಾಗಿದ್ದರೆ ಅದು ಯಾತ್ರೆ. ನೋಡಿದ ಊರುಗಳ ಪಟ್ಟಿ ಮಾತ್ರ ಉದ್ದವಾಗಿದ್ದರೆ ಅದೂ ಒಂದು ಬಗೆಯ ಪರಿಗ್ರಹವೇ. ಹಣ ಕೂಡಿಡುವವನಿಗೂ ಊರುಗಳನ್ನು ಕೂಡಿಡುವವನಿಗೂ ಹೆಚ್ಚಿನ ಅಂತರವಿಲ್ಲ.

ಈ ಮಾತನ್ನು ಬೆಳಗೊಳಕ್ಕೆ ಅನ್ವಯಿಸಿ ನೋಡೋಣ. ಊರಿಗೆ ಹೆಸರು ಕೊಟ್ಟ ಬಿಳಿಯ ಕೊಳ ನಡುವೆ. ದಕ್ಷಿಣಕ್ಕೆ ವಿಂಧ್ಯಗಿರಿಯೆಂಬ ದೊಡ್ಡಬೆಟ್ಟ, ಉತ್ತರಕ್ಕೆ ಚಂದ್ರಗಿರಿಯೆಂಬ ಚಿಕ್ಕಬೆಟ್ಟ. ತಪ್ಪಲಿನಿಂದ ದೊಡ್ಡಬೆಟ್ಟದ ಎತ್ತರ ಸುಮಾರು 470 ಅಡಿ, ಚಿಕ್ಕಬೆಟ್ಟದ್ದು ಸುಮಾರು 175 ಅಡಿ. ಎತ್ತರದಲ್ಲಿ ಕಿರಿದಾದ ಇದು ಇತಿಹಾಸದಲ್ಲಿ ಹಿರಿದು. ಗೊಮ್ಮಟನನ್ನು ಕಡೆದದ್ದು ಕ್ರಿ.ಶ. 981ರ ಸುಮಾರಿಗೆ. ಚಿಕ್ಕಬೆಟ್ಟವಾದರೋ ಅದಕ್ಕೂ ಶತಮಾನಗಳ ಮೊದಲೇ ಕಳ್ವಪ್ಪು, ಕಟವಪ್ರ ಎಂಬ ಹೆಸರುಗಳಿಂದ ತಪೋಭೂಮಿಯಾಗಿತ್ತು.

ಪಾರ್ಶ್ವನಾಥ ಬಸದಿಯ ಬಳಿ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರದೆಂದು ವಿದ್ವಾಂಸರು ನಿರ್ಣಯಿಸಿರುವ ಶಾಸನವು ಒಂದು ದೊಡ್ಡ ಯಾತ್ರೆಯನ್ನೇ ಹೇಳುತ್ತದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಸಂಕಟ ಒದಗಲಿದೆಯೆಂದು ಭದ್ರಬಾಹುಸ್ವಾಮಿಗಳು ನಿಮಿತ್ತಜ್ಞಾನದಿಂದ ತಿಳಿದರು. ಮುನಿಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ನಡೆದುಬಂತು. ಕಟವಪ್ರದಲ್ಲಿ ಪ್ರಭಾಚಂದ್ರರೆಂಬ ಆಚಾರ್ಯರು ಸಂಘವನ್ನು ಮುಂದಕ್ಕೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಉಳಿದು ಸಮಾಧಿಯನ್ನು ಸಾಧಿಸಿದರು. ಮೌರ್ಯ ಚಂದ್ರಗುಪ್ತನು ಸಾಮ್ರಾಜ್ಯವನ್ನು ತೊರೆದು ಗುರುಗಳ ಹಿಂದೆ ಬಂದು ಇಲ್ಲಿಯೇ ದೇಹಬಿಟ್ಟನೆಂಬುದು ನಮ್ಮ ಪರಂಪರೆಯ ನಂಬಿಕೆ. ಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಬಂದದ್ದು ಆತನಿಂದಲೇ ಎನ್ನುತ್ತಾರೆ. ಭದ್ರಬಾಹು ಗುಹೆಯಲ್ಲಿ ಪಾದಗಳ ಗುರುತುಂಟು. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಗುರುಶಿಷ್ಯರ ಕಥೆಯನ್ನು ದಾಸೋಜನೆಂಬ ಶಿಲ್ಪಿ ಪುಟ್ಟ ಪುಟ್ಟ ಚೌಕಗಳಲ್ಲಿ ಕೊರೆದಿದ್ದಾನೆ.

ಶ್ರವಣಬೆಳಗೊಳ ಮತ್ತು ಸುತ್ತಲಿನ 573 ಶಾಸನಗಳನ್ನು ವಿದ್ವಾಂಸರು ಸಂಪಾದಿಸಿದ್ದಾರೆ. ಅವುಗಳಲ್ಲಿ 271 ಚಿಕ್ಕಬೆಟ್ಟದಲ್ಲಿಯೇ ಇವೆ. ಏಳನೆಯ ಶತಮಾನದಿಂದ ಮೊದಲ್ಗೊಂಡು ಬಹಳಷ್ಟು ನಿಸಿದಿಯ ಬರಹಗಳು, ಅಂದರೆ ವ್ರತದಿಂದ ದೇಹತ್ಯಾಗ ಮಾಡಿದವರ ನೆನಪುಗಳು. ಸಿರಿ, ರೂಪ, ಅಧಿಕಾರಗಳ ಅನಿತ್ಯವನ್ನು ಮನಗಂಡು ಸನ್ಯಸನ ಕೈಗೊಂಡ ನಂದಿಸೇನ ಮುನಿ ಅಲ್ಲಿದ್ದಾರೆ. ಮೂರು ತಿಂಗಳು ನೋಂತು ದೇಹಬಿಟ್ಟ ನಾಗಮತಿ ಗಂತಿಯರೂ ಅಲ್ಲಿದ್ದಾರೆ. ಗಂತಿಯೆಂದರೆ ಜೈನ ಸನ್ಯಾಸಿನಿ. ಮುಂದೆ ಅರಸರೂ ಈ ಸಾಲಿಗೆ ಸೇರಿದರು. 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟ ಗಂಗರ ಮಾರಸಿಂಹನ ಸ್ಮರಣೆಗೆ ಕೂಗೆ ಬ್ರಹ್ಮದೇವರ ಕಂಬ ನಿಂತಿದೆ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ಅದೇ ವ್ರತವನ್ನು ಹಿಡಿದನು. 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ, ಮಗಳ ಮರಣಾನಂತರ ಇಲ್ಲಿ ಸನ್ಯಸನ ತಾಳಿದಳು.

ಸಲ್ಲೇಖನದ ಹೆಸರು ಕೇಳಿ ಕೆಲವರು ಅಂಜುತ್ತಾರೆ, ಮಕ್ಕಳಿಗೆ ಹೇಗೆ ಹೇಳುವುದೆಂದು ಹಿಂಜರಿಯುತ್ತಾರೆ. ಅದು ಆವೇಶದ ಕೃತ್ಯವಲ್ಲ. ಆಯುಷ್ಯ ಮುಗಿಯುತ್ತಿರುವಾಗ ಗುರುವಿನ ಅನುಮತಿಯಿಂದ, ಕಷಾಯಗಳನ್ನು ಕೃಶಗೊಳಿಸುವುದಕ್ಕಾಗಿ ಹಿಡಿಯುವ ವ್ರತ. ನಮ್ಮಂಥ ಗೃಹಸ್ಥರು ಅಲ್ಲಿಂದ ಹೊತ್ತುತರಬೇಕಾದದ್ದು ಒಂದೇ ಪಾಠ: ಬಿಡುವುದನ್ನು ಕೊನೆಯ ದಿನಕ್ಕೆ ಮೀಸಲಿಡದೆ ಇಂದೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಬೇಕು.

ಈಗ ದೊಡ್ಡಬೆಟ್ಟಕ್ಕೆ ಬನ್ನಿ. ಗಂಗರ ರಾಚಮಲ್ಲನ ಮಂತ್ರಿ ಚಾವುಂಡರಾಯನು ಚಿಕ್ಕಬೆಟ್ಟದ ಬುಡದ ಬಂಡೆಯ ಮೇಲೆ ನಿಂತು ಎದುರಿನ ಬೆಟ್ಟಕ್ಕೆ ಬಾಣ ಬಿಟ್ಟನೆಂದೂ ಆಗ ಬಾಹುಬಲಿಯ ರೂಪ ಕಾಣಿಸಿತೆಂದೂ ಐತಿಹ್ಯ. ಆ ಬಂಡೆಯನ್ನು ಇಂದಿಗೂ ತೋರಿಸುತ್ತಾರೆ. ಐತಿಹ್ಯವನ್ನು ಇತಿಹಾಸವೆಂದು ವಾದಿಸುವ ಅಗತ್ಯವಿಲ್ಲ; ಅದರ ಇಂಗಿತ ಸ್ಪಷ್ಟ. ದೊಡ್ಡಬೆಟ್ಟದ ದರ್ಶನವಾದದ್ದು ಚಿಕ್ಕಬೆಟ್ಟದಿಂದ. ಇನ್ನೊಂದು ಸಂಗತಿ ಎಲ್ಲರ ಕಣ್ಣಿಗೂ ಬೀಳುವಂಥದ್ದಾದರೂ ಗಮನಿಸುವವರು ಕಡಿಮೆ. ಸುಮಾರು 58 ಅಡಿಯ ಗೊಮ್ಮಟ ನಿಂತಿರುವುದು ಉತ್ತರಾಭಿಮುಖವಾಗಿ. ಎದುರಿಗಿರುವುದು ಚಿಕ್ಕಬೆಟ್ಟ. ಅಣ್ಣನನ್ನು ಗೆದ್ದೂ ರಾಜ್ಯವನ್ನು ಒಲ್ಲದವನ ಮುಖ, ಬಿಟ್ಟವರ ಬೆಟ್ಟದತ್ತ ತಿರುಗಿದೆ. ಮೊದಲು ಚಿಕ್ಕಬೆಟ್ಟವನ್ನು ಹತ್ತಿದವನಿಗೆ ದೊಡ್ಡಬೆಟ್ಟದ ಬಾಹುಬಲಿ ತ್ಯಾಗಮೂರ್ತಿಯಾಗಿ ಕಾಣುತ್ತಾನೆ. ನೇರವಾಗಿ ದೊಡ್ಡಬೆಟ್ಟಕ್ಕೆ ಓಡಿದವನಿಗೆ ಬಹುಪಾಲು ಎತ್ತರವಷ್ಟೇ ಕಾಣುತ್ತದೆ. ಹೊರಬರುವಾಗ ಎದುರಿಗೆ ನಿಂತಿರುವ ಗುಳ್ಳಕಾಯಜ್ಜಿಯನ್ನೂ ನೋಡಿರಿ. ಚಾವುಂಡರಾಯನ ಕೊಡಗಟ್ಟಲೆ ಹಾಲಿಗೆ ನೆನೆಯದ ಮೂರ್ತಿ, ಅಜ್ಜಿಯ ಗುಳ್ಳಕಾಯಿಯ ಹಾಲಿಗೆ ಅಡಿಮುಡಿ ನೆನೆಯಿತೆಂಬ ಕಥೆಯೂ ದೊಡ್ಡದರ ಗರ್ವವನ್ನು ಇಳಿಸಲೆಂದೇ ಹುಟ್ಟಿದ್ದು.

ಆದ್ದರಿಂದ ಬೆಳಗೊಳಕ್ಕೆ ಹೋಗುವವರಲ್ಲಿ ನನ್ನ ಕೆಲವು ಬಿನ್ನಹಗಳು. ಬೆಂಗಳೂರಿನಿಂದ ಸುಮಾರು 145 ಕಿ.ಮೀ., ಚನ್ನರಾಯಪಟ್ಟಣದಿಂದ ಸುಮಾರು 12 ಕಿ.ಮೀ. ದೂರದ ಈ ಊರಿಗೆ ಬಸ್ಸೂ ಉಂಟು, ಬೆಂಗಳೂರು-ಹಾಸನ ಮಾರ್ಗದ ರೈಲೂ ಉಂಟು. ಒಂದು ರಾತ್ರಿ ಉಳಿಯುವಂತೆ ಹೋಗಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಹಿತವಾದ ಕಾಲ. ಬೇಸಿಗೆಯಲ್ಲಿ ಹೋಗುವುದಾದರೆ ಬಂಡೆ ಕಾಯುವ ಮುನ್ನ ಹತ್ತಿ ಇಳಿಯಬೇಕು. ಎರಡೂ ಬೆಟ್ಟಗಳನ್ನು ಹತ್ತುವುದು ಬರಿಗಾಲಲ್ಲಿ. ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ. ಬೆಳಗಿನ ತಂಪಿನಲ್ಲಿ ಚಿಕ್ಕಬೆಟ್ಟವನ್ನು ಹತ್ತಿ, ಕನಿಷ್ಠ ಎರಡು ಗಂಟೆ ಇರಿ. ಶಾಸನಗಳ ಗಾಜಿನ ಹೊದಿಕೆಯ ಮೇಲೆ ಕೂರಬೇಡಿ, ಬಂಡೆಯ ಮೇಲೆ ಹೆಸರು ಗೀಚಬೇಡಿ. ಚರ್ಮದ ಪಟ್ಟಿ, ಚೀಲಗಳನ್ನು ವಸತಿಯಲ್ಲಿಯೇ ಬಿಡಿ. ಬಸದಿಯೊಂದರಲ್ಲಿ ಹತ್ತು ನಿಮಿಷವಾದರೂ ಮಾತಿಲ್ಲದೆ ಕುಳಿತು ಸಾಮಾಯಿಕ ಮಾಡಿ. ಜೈನರಲ್ಲದವರು ಸುಮ್ಮನೆ ಕುಳಿತರೂ ಸಾಕು.

ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹತ್ತಲಾಗದ ಹಿರಿಯರು ಡೋಲಿಯಲ್ಲಿ ಹೋಗಬಹುದು. ಹೊರುವವರೊಡನೆ ಚೌಕಾಸಿ ಮಾಡಬೇಡಿ, ಅವರ ಹೆಗಲಿನ ನೋವೂ ನಮ್ಮ ಯಾತ್ರೆಯ ಲೆಕ್ಕಕ್ಕೆ ಸೇರುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸಿ. ಉಳಿದ ಹೊತ್ತಿನಲ್ಲಿ ಊರೊಳಗಿನ ಭಂಡಾರಿ ಬಸದಿ, ಅಕ್ಕನ ಬಸದಿ, ಹತ್ತಿರದ ಜಿನನಾಥಪುರದ ಶಾಂತಿನಾಥ ಬಸದಿಗಳನ್ನು ಕಾಣಬಹುದು. ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ಹಿಂದಿನದು 2018ರಲ್ಲಿ ನಡೆಯಿತು. ಅದನ್ನು ನೋಡಿದವರು ಧನ್ಯರು. ಆದರೆ ಜನಸಂದಣಿಯಿಲ್ಲದ ಒಂದು ಸಾಮಾನ್ಯ ದಿನದಲ್ಲಿ ದೊರೆಯುವ ಏಕಾಂತ ಆ ಉತ್ಸವದಲ್ಲಿ ದೊರೆಯಲಾರದು.

ಪ್ರವಾಸಿಗರಿಂದಲೇ ಅಲ್ಲವೇ ಹೂವು, ಎಳನೀರು ಮಾರುವವರ ಜೀವನ ಎಂದು ಯಾರಾದರೂ ಕೇಳಬಹುದು. ನಿಜ. ಒಂದು ರಾತ್ರಿ ಉಳಿಯುವ ಯಾತ್ರಿಕನಿಂದ ಅವರಿಗೆ ಎರಡು ಗಂಟೆಯ ಪ್ರವಾಸಿಗಿಂತ ಹೆಚ್ಚೇ ದೊರೆಯುತ್ತದೆ. ನಾನು ಬಾಗಿಲು ಮುಚ್ಚಲು ಹೇಳುತ್ತಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾದಾಗ ವಿಜಯನಗರದ ಬುಕ್ಕರಾಯನು ಇಬ್ಬರ ಕೈಯನ್ನೂ ಕೂಡಿಸಿದನು. ಆ ಶಾಸನ ಭಂಡಾರಿ ಬಸದಿಯಲ್ಲಿದೆ. ಅಂಥ ಊರು ಎಲ್ಲರದೂ ಹೌದು.

ನನ್ನ ತಕರಾರು ನಮ್ಮವರ ಮೇಲೆಯೇ ಹೆಚ್ಚು. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದ ಶಿಖರ್ಜಿಯನ್ನು ಪ್ರವಾಸಿತಾಣವಾಗಿಸಬಾರದೆಂದು ನಾವು ದೇಶದಾದ್ಯಂತ ಬೀದಿಗಿಳಿದೆವು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಸರ್ಕಾರಕ್ಕೆ ಬೇಡವೆಂದ ನಾವೇ ನಮ್ಮ ಕ್ಷೇತ್ರಗಳಿಗೆ ಪ್ರವಾಸಿಗರಂತೆ ಹೋಗಿಬರುತ್ತಿದ್ದರೆ ಆ ಬೇಡಿಕೆಗೆ ಬಲವೆಲ್ಲಿಯದು? ಶಾಲೆಗಳಲ್ಲಿರುವ ನನ್ನ ವೃತ್ತಿಬಾಂಧವರಿಗೂ ಇದೇ ಮಾತು. ಒಂದು ದಿನಕ್ಕೆ ಒಂದೇ ಊರು ಸಾಕು. ಮಕ್ಕಳು ಮೂರು ಊರು ನೋಡಿ ಮರೆಯುವುದಕ್ಕಿಂತ ಒಂದು ಬಂಡೆಯ ಮುಂದೆ ನಿಂತು ಪ್ರಶ್ನೆ ಕೇಳುವುದು ಮೇಲು.

ಅಂದು ನಾನು ಹಳೆಯ ವಿದ್ಯಾರ್ಥಿಗೆ, "ಅಲ್ಲಿ ನೋಡುವಂಥದ್ದೇನೂ ಇಲ್ಲವೆಂದು ನಿಮಗೆ ಕಲಿಸಿದವನು ನಾನೇ. ಅದು ತಪ್ಪು. ನನ್ನ ಜೊತೆ ಒಂದು ಗಂಟೆ ಬನ್ನಿ" ಎಂದೆ. ಅವರು ನಕ್ಕು, ಮತ್ತೊಮ್ಮೆ ಗಡಿಯಾರ ನೋಡಿ, ಕೊನೆಗೆ ಬಂದರು. ಪಾರ್ಶ್ವನಾಥ ಬಸದಿಯ ಬಳಿ ಹುಡುಗ ಬಹಳ ಹೊತ್ತು ಬಾಗಿ ಬಂಡೆಯ ಅಕ್ಷರಗಳನ್ನು ನೋಡಿದ. ಒಂದೂ ಗುರುತಾಗಲಿಲ್ಲ. ಪಕ್ಕದ ನಿಸಿದಿಯೊಂದರ ಬರಹವನ್ನು ತೋರಿಸಿ, "ಇದು ಯಾವ ಭಾಷೆ ತಾತ?" ಎಂದು ಕೇಳಿದ. "ಕನ್ನಡವೇ ಮಗು, ನಮ್ಮದೇ" ಎಂದೆ. "ಮತ್ತೆ ನಮಗೆ ಯಾಕೆ ಓದಲು ಬರುವುದಿಲ್ಲ?" ಎಂದ.

ಒಂದು ಗಂಟೆ ಮೂರು ಗಂಟೆಯಾಯಿತು. ಹಳೇಬೀಡು, ಬೇಲೂರುಗಳು ಇನ್ನೊಂದು ದಿನಕ್ಕೆ ಉಳಿದವು. ಆ ಮಗುವಿನ ಪ್ರಶ್ನೆಗೆ ನಾನು ಅಕ್ಷರಗಳು ಬದಲಾದ ಕಥೆಯನ್ನು ಹೇಳಿದೆ. ಅದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧ, ಅಲ್ಲಿಗೆ ಹೋಗಿ ನಿಂತು ನೋಡುವ ತಾಳ್ಮೆಯನ್ನು ನಾವು ಕಳೆದುಕೊಂಡದ್ದು. ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಚಿಕ್ಕಬೆಟ್ಟವನ್ನು ಮೊದಲು ಹತ್ತೋಣ.