ಕಸ ಕಾಣದಿದ್ದರೆ ರಸ್ತೆ ಚೊಕ್ಕಟವೇ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಬೆಳಿಗ್ಗೆ ಕಸ ಗುಡಿಸುವವರು ಬರಲಿಲ್ಲವೆನ್ನಿ. ಕೂಡಲೇ ಯಾರಿಗೂ ತಿಳಿಯದು. ಸಂಜೆ ರಾಶಿ ಬಿದ್ದಾಗಲೇ ತಿಳಿಯುವುದು. ಮುಕ್ಕಾಲು ಅಂಗಡಿ ಮುಚ್ಚಿದ ದಿನವಾದರೆ ಸಂಜೆಗೂ ತಿಳಿಯದು.

ಯಕೃತ್ತಿನ, ಅಂದರೆ ಲಿವರಿನ, ಕಸಿ ಮಾಡಿಸಿಕೊಂಡವರಲ್ಲಿ ಮೂತ್ರಪಿಂಡಕ್ಕೂ ಏಟು ಬೀಳುವುದುಂಟು. ಅದನ್ನು ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಕಸದಿಂದ ಅಳೆಯುವುದು ರೂಢಿ. ಈ ಕಸ ಹುಟ್ಟುವುದು ಸ್ನಾಯುಗಳಲ್ಲಿ; ಅದರ ಮೂಲವಸ್ತು ಕ್ರಿಯಾಟಿನ್ ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತು ಕೆಟ್ಟು ಸೊರಗಿದವರಲ್ಲಿ ಎರಡೂ ಕಡಿಮೆ. ರಿಪೋರ್ಟ್ ‘ನಾರ್ಮಲ್’ ಎನ್ನುತ್ತದೆ, ಮನೆಯವರು ಸಮಾಧಾನಪಡುತ್ತಾರೆ, ಮೂತ್ರಪಿಂಡ ಮಾತ್ರ ಒಳಗೇ ಸೋತಿರಬಹುದು.

ಏಟು ಬಿದ್ದ ಮೇಲೂ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಬೇಕು. ಹಾಗಾಗಿ ವೈದ್ಯರು ಮೂತ್ರವನ್ನೂ ಗಂಟೆಗಂಟೆಗೆ ಅಳೆಯುತ್ತಾರೆ. 2012ರ ಅಂತರರಾಷ್ಟ್ರೀಯ ಸೂತ್ರದಂತೆ, 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ 6 ಗಂಟೆ ಕಾಲ ಬಂದರೆ ಅದು ಎಚ್ಚರಿಕೆಯ ಗಂಟೆ. ಮೂತ್ರದಲ್ಲಿ ‘ಎನ್‌ಗ್ಯಾಲ್’ ಎಂಬ ಪ್ರೋಟೀನು ಇನ್ನೂ ಬೇಗ ಏರುತ್ತದೆ. ಆದರೆ ಸೋಂಕಿದ್ದರೂ ಅದು ಏರುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಮುಂದಾಗಿ ತಿಳಿದರೇನು ಲಾಭ? ಟ್ಯಾಕ್ರೊಲಿಮಸ್ ಎಂಬ ಔಷಧ 1984ರಲ್ಲಿ ಜಪಾನಿನ ಸುಕುಬಾದ ಮಣ್ಣಿನ ಬ್ಯಾಕ್ಟೀರಿಯದಿಂದ ಸಿಕ್ಕಿತು. ಹೊಸ ಯಕೃತ್ತನ್ನು ಕಾಯುವ ಇದೇ ಔಷಧ ಮೂತ್ರಪಿಂಡದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅಪಾಯ ಮೊದಲೇ ಗೊತ್ತಾದರೆ ಅದನ್ನು ತಡವಾಗಿ, ಕಡಿಮೆ ಪ್ರಮಾಣದಲ್ಲಿ ಆರಂಭಿಸಬಹುದು. ತೀರಾ ತಗ್ಗಿಸಿದರೆ ದೇಹ ಯಕೃತ್ತನ್ನೇ ತಿರಸ್ಕರಿಸೀತು! ತಕ್ಕಡಿ ಹಿಡಿಯುವವರು ವೈದ್ಯರೇ. ಮನೆಯವರು ಮಾಡಬಹುದಾದದ್ದು, ಹಳೆಯ ರಿಪೋರ್ಟುಗಳನ್ನು ಎಸೆಯದೆ ತಾರೀಖಿನ ಪ್ರಕಾರ ಜೋಡಿಸಿಡುವುದು, 0.6 ಇದ್ದದ್ದು 1.0 ಆಗಿದ್ದರೆ ಅದನ್ನು ತೋರಿಸಿಕೊಡುವುದು ಆ ಹಳೆಯ ಕಾಗದವೇ.