ಕಪಾಟಿನ ರೈಲುಬಂಡಿ

ಹುಟ್ಟುಹಬ್ಬದಂದು ಮಗುವಿಗೆ ಹಳಿ, ಇಂಜಿನು, ಡಬ್ಬಿಗಳ ಸಮೇತವಾದ ಆಟದ ರೈಲುಬಂಡಿಯನ್ನು ಕೊಡುವ ವಾಡಿಕೆ ವಿದ್ಯಾವಂತರ ಮನೆಗಳಲ್ಲಿ ಬೇರೂರಿದೆ. ಕೊಡುವುದರಲ್ಲಿ ದೋಷವಿಲ್ಲ. ಆದರೆ ಮರುದಿನವೇ ಆ ಬಂಡಿಯು ಗಾಜಿನ ಕಪಾಟನ್ನೇರುತ್ತದೆ. ಬೀಗದ ಕೈ ತಂದೆಯ ಬಳಿ ಉಳಿಯುತ್ತದೆ. ಆದಿತ್ಯವಾರ ಅತಿಥಿಗಳು ಬಂದರೆ ತಂದೆಯೇ ಹಳಿ ಜೋಡಿಸಿ, ತಂದೆಯೇ ಗುಂಡಿ ತಿರುಗಿಸಿ, ತಂದೆಯೇ ಹಿಗ್ಗುತ್ತಾನೆ. ಬಾಲಕನು ಕೈಕಟ್ಟಿ ನೋಡತಕ್ಕದ್ದು. ಇದಕ್ಕೆ ಉಡುಗೊರೆಯೆಂಬ ಹೆಸರು ಹೇಗೆ ಸಲ್ಲುವುದು?

ಧರ್ಮಶಾಸ್ತ್ರಜ್ಞರ ಮತದಲ್ಲಿ ಕೊಡುವವನ ಸ್ವತ್ವವು ನಿವೃತ್ತವಾಗಿ ಪಡೆಯುವವನ ಸ್ವತ್ವವು ಉಂಟಾದಲ್ಲದೆ ದಾನವು ಸಿದ್ಧಿಸದು. ಕೊಟ್ಟುದನ್ನು ಹಿಂದೆಗೆದುಕೊಳ್ಳುವ ವಿವಾದಕ್ಕೆ ‘ದತ್ತಾಪ್ರದಾನಿಕ’ವೆಂದು ಹೆಸರಿಟ್ಟು ಅದನ್ನು ವ್ಯವಹಾರಪದಗಳಲ್ಲಿ ಎಣಿಸಿದ್ದಾರೆ, ಕಲ್ಯಾಣದ ಚಾಲುಕ್ಯರ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಆ ಪ್ರಕರಣವನ್ನು ವ್ಯಾಖ್ಯಾನಿಸಿದ್ದಾನೆ. ಆರು ವರ್ಷದ ಮಗನು ನ್ಯಾಯಸ್ಥಾನದ ಮೆಟ್ಟಿಲು ಹತ್ತಲಾರನೆಂಬ ಒಂದೇ ಧೈರ್ಯದಿಂದ ತಂದೆಯು ದತ್ತಾಪಹಾರಿಯಾಗುತ್ತಿದ್ದಾನೆ!

‘ಬೆಲೆಯುಳ್ಳ ಪದಾರ್ಥ, ಹುಡುಗ ಬಿಚ್ಚಿ ಹಾಳುಮಾಡುತ್ತಾನೆ’ ಎಂಬುದು ತಂದೆಯರ ಸಮಾಧಾನ. ಬಿಚ್ಚುವುದೆಲ್ಲ ಹಾಳುಮಾಡುವುದೆಂದು ಇವರಿಗೆ ಹೇಳಿದವರಾರು? 1891ರಲ್ಲಿ ಜರ್ಮನಿಯ ಮರ್ಕ್ಲಿನ್ ಸಂಸ್ಥೆಯವರು ಲೈಪ್‌ಜಿಗ್ ಮೇಳದಲ್ಲಿ ತೋರಿಸಿದ ಆಟದ ರೈಲಿನ ವಿಶೇಷವೇ ಹಳಿಗೆ ಹಳಿ ಸೇರಿಸುತ್ತ ಬೆಳೆಸಬಹುದೆಂಬುದು. 1920ರಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಹೊರತಂದ ಮೊದಲ ರೈಲು ಕೀಲಿ ಕೊಟ್ಟರೆ ಓಡುತ್ತಿದ್ದಿತು; ಅದರ ಅಂಗಗಳನ್ನು ಮಕ್ಕಳು ಬಿಚ್ಚಿ ಮರಳಿ ಜೋಡಿಸಲೆಂದೇ ಬೋಲ್ಟುನಟ್ಟುಗಳಿಂದ ಕೂಡಿಸಲಾಗಿತ್ತು. ನಿರ್ಮಿಸಿದವನಿಗಿಲ್ಲದ ಭಯವು ಕೊಂಡವನಿಗೇಕೆ?

ವಿದ್ಯುತ್ತಿನಿಂದ ಓಡುವ ಬಂಡಿಯಲ್ಲಿ ಎರಡು ಹಳಿಗಳ ನಡುವಣ ಕೂಡಿಕೆ ಸಡಿಲವಾದರೆ ಇಂಜಿನು ನಿಲ್ಲುತ್ತದೆ. ಬಾಲಕನು ನೆಲಕ್ಕೆ ಕೆನ್ನೆಯಿಟ್ಟು, ಒಂದೊಂದು ಸಂದನ್ನೂ ಒತ್ತಿ, ಅರ್ಧ ಗಂಟೆ ಹುಡುಕಿ ಅದನ್ನು ಕಂಡುಹಿಡಿಯುತ್ತಾನೆ. ತಿರುವಿನಲ್ಲಿ ವೇಗ ಮಿತಿಮೀರಿದರೆ ಬಂಡಿ ಹೊರಮಗ್ಗುಲಿಗೆ ಉರುಳುವುದೇಕೆಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಹೇಳಲಾರದ ತಂದೆಯು ಬೀಗದ ಕೈಯನ್ನು ಇನ್ನಷ್ಟು ಭದ್ರವಾಗಿ ಹಿಡಿಯುವುದುಂಟು.

ಇನ್ನು ಕೆಲವರು, ಮಕ್ಕಳಿಗೆ ಮಣ್ಣಿನ ಬಂಡಿಯೇ ಸಾಕೆಂದು ಮೃಚ್ಛಕಟಿಕವನ್ನು ಮುಂದೊಡ್ಡುತ್ತಾರೆ. ಇವರು ನಾಟಕದ ಹೆಸರನ್ನಷ್ಟೇ ಓದಿರಬೇಕು. ಅಲ್ಲಿ ರೋಹಸೇನನು ಮಣ್ಣಿನ ಬಂಡಿ ಬೇಡ, ನೆರೆಮನೆಯ ಹುಡುಗನಲ್ಲಿದ್ದ ಚಿನ್ನದ ಬಂಡಿಯೇ ಬೇಕೆಂದು ಅಳುತ್ತಾನೆ. ವಸಂತಸೇನೆಯು ಸಂತೋಷ ಸಂಯಮಗಳ ಉಪದೇಶಕ್ಕೆ ತೊಡಗದೆ, ತನ್ನ ಆಭರಣಗಳನ್ನೇ ಬಿಚ್ಚಿ ಬಂಡಿಗೆ ತುಂಬಿ, ಚಿನ್ನದ ಬಂಡಿಯನ್ನು ಮಾಡಿಸಿಕೊಳ್ಳೆನ್ನುತ್ತಾಳೆ.

ವಯಸ್ಸನ್ನು ನೋಡಬೇಕೆಂಬುದು ನಿಜ. ಸಿಕ್ಕಿದ್ದನ್ನು ಬಾಯಿಗಿಡುವ ಕೂಸಿಗೆ ಸಣ್ಣ ಬಿಡಿಭಾಗಗಳ ರೈಲು ಅಪಾಯಕರ; ಅದಕ್ಕೆ ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಬಂಡಿಯೇ ಲೇಸು. ಗೋಡೆಯ ವಿದ್ಯುತ್ತಿಗೆ ತಂತಿ ಸೇರಿಸುವ ಕೆಲಸ ಹಿರಿಯರದೇ ಆಗಿರಲಿ. ಉಳಿದುದೆಲ್ಲ ಮಗುವಿನದು: ಹಳಿ, ಇಂಜಿನು, ಡಬ್ಬಿ, ಮತ್ತು ಪೆಟ್ಟಿಗೆಯೊಡನೆ ಕೊಂಡುತರಬೇಕಾದ ಒಂದು ಸಣ್ಣ ಸ್ಕ್ರೂಡ್ರೈವರು. ಬಂಡಿಯನ್ನೋಡಿಸಲೇಬೇಕೆಂಬ ಆಸೆ ತಂದೆಗಿದ್ದರೆ ಅವನು ತನಗಾಗಿ ಇನ್ನೊಂದನ್ನು ಕೊಂಡುಕೊಳ್ಳಲಿ.