ಆಪಾದಿತನ ನಾಲಗೆ

ನಮ್ಮ ಪಟ್ಟಣದ ಪಶ್ಚಿಮ ಭಾಗದ ರಾಜಾಜಿನಗರವು ಒಬ್ಬ ವಕೀಲರ ಹೆಸರನ್ನು ಹೊತ್ತಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಸೇಲಂ ಪಟ್ಟಣದಲ್ಲಿ ಹೆಸರಾಂತ ವಕೀಲರಾಗಿದ್ದ ರಾಜಾಜಿಯವರು, ರಾಜದ್ರೋಹದ ಆಪಾದನೆಗೆ ಸಿಕ್ಕ ವರದರಾಜುಲು ನಾಯ್ಡು ಅವರ ಪರವಾಗಿ ವಾದಿಸಿದರು. ಅಸಹಕಾರದ ಕರೆ ಬಂದೊಡನೆ ಆ ವೃತ್ತಿಯನ್ನೇ ತೊರೆದರು. (ಭಾಷಾವಾರು ಪ್ರಾಂತಗಳನ್ನು ಅವರು ಮೆಚ್ಚಲಿಲ್ಲ, ಆ ಜಗಳವನ್ನು ಇನ್ನೊಂದು ದಿನ ಆಡೋಣ.) ಇಲ್ಲಿಯೇ ವಕೀಲರಾಗಿದ್ದ ಕೆ. ಟಿ. ಭಾಷ್ಯಂ ಅವರು ಗಿರಣಿ ಕೂಲಿಕಾರರ ಪಕ್ಷ ವಹಿಸಿದರು, ಸೆರೆಮನೆ ಕಂಡರು, 1947ರ ಜವಾಬ್ದಾರಿ ಸರ್ಕಾರದಲ್ಲಿ ಮಂತ್ರಿಗಳಾದರು. ವಕೀಲಿಯೆಂದರೆ ಫೀಜಿನ ಲೆಕ್ಕವಷ್ಟೇ ಅಲ್ಲವೆಂದು ತಿಳಿದಿದ್ದವರು ಇವರು.

ನ್ಯಾಯಸ್ಥಾನವೂ ತಪ್ಪಬಲ್ಲುದೆಂಬುದಕ್ಕೆ ಈಸೂರಿಗಿಂತ ದೊಡ್ಡ ಸಾಕ್ಷಿ ಬೇಕೆ? 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಗ್ರಾಮದಲ್ಲಿ ಅಮಲ್ದಾರರೂ ಪೋಲೀಸು ಸಬ್ ಇನ್ಸ್‌ಪೆಕ್ಟರರೂ ಗುಂಪಿನ ಕೈಗೆ ಸಿಕ್ಕಿ ಸತ್ತರು. ಆ ಕೊಲೆಗಳನ್ನು ನಾವು ಹೊಗಳುವವರಲ್ಲ. ಆದರೆ ಊರಿಗೆ ಊರೇ ನೆರೆದ ಗಲಭೆಯಲ್ಲಿ ಯಾವ ಕೈಯ ಏಟಿಗೆ ಯಾರು ಬಿದ್ದರೆಂದು ನಿಶ್ಚಯವಾಗಿ ನುಡಿಯಬಲ್ಲವರು ಯಾರು? 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಗಲಭೆಯಿಂದ ಗಲ್ಲಿಗೆ ಆರು ತಿಂಗಳೂ ಹಿಡಿಯಲಿಲ್ಲ! ಹಾಗೆ ಮಾಡಿದವರು ಬಿಳಿಯರಲ್ಲ, ನಮ್ಮದೇ ಮೈಸೂರು ಸರ್ಕಾರದವರು.

ಅದು ಹಳೆಯ ಕಾಲದ ಮಾತೆಂದು ಮೂಗೆಳೆಯುವವರು ಕೊಡಗಿನತ್ತ ನೋಡಲಿ. ಅಲ್ಲಿನ ಬುಡಕಟ್ಟಿನ ಬಡವನೊಬ್ಬನನ್ನು ಹೆಂಡತಿಯ ಕೊಲೆಗಾರನೆಂದು ಹಿಡಿದು ಸುಮಾರು ಎರಡು ವರುಷ ಸೆರೆಯಲ್ಲಿಟ್ಟರು. ಎಲ್ಲಿಯೋ ಸಿಕ್ಕ ಅಸ್ಥಿಗಳನ್ನು ಆಕೆಯವೆಂದರು, ಡಿ. ಎನ್. ಎ. ಪರೀಕ್ಷೆಯು ಅದನ್ನು ಒಪ್ಪದಿದ್ದರೂ ವಿಚಾರಣೆ ನಿಲ್ಲಲಿಲ್ಲ. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ನ್ಯಾಯಸ್ಥಾನವು ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ಸತ್ತವಳು ಬದುಕಿ ಬಂದಳೆಂದು ಇವನು ಉಳಿದನು, ಬಾರದಿದ್ದರೆ?

ಈ ಅನ್ಯಾಯವು ಭಾಷೆಯಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಪೋಲೀಸರ ಆತುರವೇ ಅದಕ್ಕೆ ಸಾಕು. ಆದರೆ ತಪ್ಪನ್ನು ತಿದ್ದುವ ದೊಡ್ಡ ಬಾಗಿಲು ಉಚ್ಚ ನ್ಯಾಯಸ್ಥಾನವಲ್ಲವೆ? ಅಲ್ಲಿ ನಡೆಯುವುದೇನೆಂದು ಆಪಾದಿತನ ತಾಯಿಗೆ ಅರ್ಥವಾಗದು. ಆ ದಿನ ಮಗನು ಸಂತೆಗೆ ಹೋಗಿದ್ದನೆಂಬುದೂ, ಸಾಕ್ಷಿ ನಿಂತಿದ್ದೆನೆಂದು ಹೇಳುವ ಜಾಗದಿಂದ ಹೊಲವು ಕಾಣದೆಂಬುದೂ ಅವಳಿಗೆ ಗೊತ್ತು. ವಕೀಲನು ಆ ಮಾತನ್ನು ಬಿಟ್ಟರೆ, ಸರ್ಕಾರಿ ವಕೀಲನು ಅದನ್ನು ತಿರುಚಿದರೆ, ಹಿಂದಿನ ಬೆಂಚಿನಿಂದ ಎದ್ದು ವಕೀಲನ ಕಿವಿಯಲ್ಲಿ ಹೇಳಲು ಅವಳಿಗೆ ತಿಳಿದರೆ ತಾನೆ! ವಾದವೆಲ್ಲ ಇಂಗ್ಲಿಷಿನಲ್ಲಿ. ಎಂಥ ಸಮರ್ಥ ಬ್ಯಾರಿಸ್ಟರನೂ ಆ ತಾಯಿಯ ತಿಳಿವಳಿಕೆಗೆ ಬದಲಾಗಲಾರನು.

ರಾಜ್ಯಾಂಗದ 348ನೆಯ ವಿಧಿಯು ಉಚ್ಚ ನ್ಯಾಯಸ್ಥಾನಕ್ಕೆ ಇಂಗ್ಲಿಷನ್ನು ಹೇಳುತ್ತದೆ, ನಿಜ. ರಾಷ್ಟ್ರಪತಿಗಳ ಒಪ್ಪಿಗೆಯಿಂದ ರಾಜ್ಯಪಾಲರು ಅಲ್ಲಿನ ನಡವಳಿಗೆ ರಾಜ್ಯಭಾಷೆಯನ್ನು ಅನುಮತಿಸಬಹುದೆಂದೂ ಅದೇ ವಿಧಿ ಹೇಳುತ್ತದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯ ಪ್ರದೇಶ, ಬಿಹಾರಗಳಿಗೆ ಹಿಂದಿ ಹೀಗೆ ದೊರೆಯಿತು. 1965ರಲ್ಲಿ ಕೇಂದ್ರ ಮಂತ್ರಿಮಂಡಲದ ಸಮಿತಿಯು ಇಂಥ ಬೇಡಿಕೆಗಳಿಗೆ ಸರ್ವೋಚ್ಚ ನ್ಯಾಯಾಧೀಶರ ಸಮ್ಮತಿಯೂ ಬೇಕೆಂದು ನಿರ್ಣಯಿಸಿತು. ಕನ್ನಡ, ತಮಿಳು, ಬಂಗಾಳಿ, ಗುಜರಾತಿಗಳಿಗಾಗಿ ಸಲ್ಲಿಸಿದ ಬೇಡಿಕೆಗಳನ್ನು 2012ರಲ್ಲಿ ಸರ್ವೋಚ್ಚ ನ್ಯಾಯಸ್ಥಾನದ ಪೂರ್ಣ ಸಭೆಯು ಒಪ್ಪಲಿಲ್ಲ. ಹಿಂದಿಗೆ ತೆರೆದ ಬಾಗಿಲು ಕನ್ನಡಕ್ಕೆ ಮುಚ್ಚಿತು! ಇದೆಂಥ ಸಮತೆ?

1956ರ ನವೆಂಬರ್ 1ರಂದು ನಾಡು ಒಂದಾಯಿತು. ಕಾಸರಗೋಡು ಹೊರಗುಳಿಯಿತು, ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರಿಗೆ ಕೊಡಬೇಕೆಂದ ಮಹಾಜನ ಆಯೋಗದ 1967ರ ವರದಿ ಧೂಳು ತಿನ್ನುತ್ತಿದೆ. ಸೇರಿದ ಭಾಗದಲ್ಲಾದರೂ ಕನ್ನಡಿಗನ ಕೊರಳಿನ ತೀರ್ಪು ಅವನಿಗೆ ತಿಳಿಯುವ ಮಾತಿನಲ್ಲಿ ಆಗಬೇಡವೆ? ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಜಾಣ ತರುಣರು ಕಂಪೆನಿಗಳ ಬಾಗಿಲಲ್ಲಿ ಸಾಲುಗಟ್ಟುವ ಬದಲು ಹುಣಸೂರು, ಪಿರಿಯಾಪಟ್ಟಣಗಳ ಕೋರ್ಟುಗಳಲ್ಲಿ ಒಂದೆರಡು ವರುಷ ನಿಲ್ಲಲಿ. ಶಾಸಕರು ಕನ್ನಡದ ಬೇಡಿಕೆಯನ್ನು ಮತ್ತೆ ದೆಹಲಿಗೆ ಕಳುಹಿಸಲಿ. ಉಪಾಧ್ಯಾಯ ಮಹಾಶಯರೇ, ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬಂದವರನ್ನು ಈ ಒಂದು ವಿಷಯದಲ್ಲಿ ನಿಲ್ಲಿಸಿ ಕೇಳಿರಿ.